ತುಂಡಾದ ಬೆರಳಿನ ಮರುಜೋಡಣೆ: ರೈತರು ತಿಳಿದಿರಬೇಕಾದ ಅಂಶಗಳು

ಮೇವು ಕತ್ತರಿಸುವ ಯಂತ್ರ, ಒಕ್ಕಣೆ ಯಂತ್ರ, ಕಬ್ಬಿನ ಗಾಣ ಇವು ರೈತನ ಶ್ರಮವನ್ನು ಹಗುರಗೊಳಿಸಿವೆ. ಆದರೆ ಯಂತ್ರದ ಬಾಯಿಗೆ ಬೆಳೆ ಕೊಡುವಾಗ ಒಂದು ಕ್ಷಣ ಮೈಮರೆತರೂ ಬೆರಳು ತುಂಡಾಗುವ ಸಂಭವವಿದೆ. ತುಂಡಾದ ಬೆರಳು ಹೋದಂತೆಯೇ ಎಂಬ ಭಾವನೆ ಸರಿಯಲ್ಲ. ಸರಿಯಾದ ಕ್ರಮದಲ್ಲಿ, ಸಕಾಲಕ್ಕೆ ಆಸ್ಪತ್ರೆಗೆ ತಲುಪಿಸಿದಲ್ಲಿ ಅನೇಕ ಸಂದರ್ಭಗಳಲ್ಲಿ ಅದನ್ನು ಮತ್ತೆ ಜೋಡಿಸಬಹುದು.

ಬೆಳೆದು ಬಂದ ಬಗೆ

1960ರಲ್ಲಿ ಅಮೆರಿಕದ ಜೇಕಬ್‌ಸನ್ ಮತ್ತು ಸ್ವಾರೆಜ್ ಎಂಬ ವೈದ್ಯರು ಸೂಕ್ಷ್ಮದರ್ಶಕದ ನೆರವಿನಿಂದ ಸಣ್ಣ ರಕ್ತನಾಳಗಳನ್ನು ಹೊಲಿದು ತೋರಿಸಿದರು. 1962ರಲ್ಲಿ ಬಾಸ್ಟನ್ ನಗರದಲ್ಲಿ ಬಾಲಕನೊಬ್ಬನ ತೋಳನ್ನೂ, 1963ರಲ್ಲಿ ಶಾಂಘೈಯಲ್ಲಿ ಕಾರ್ಮಿಕನೊಬ್ಬನ ಕೈಯನ್ನೂ ಮರುಜೋಡಿಸಲಾಯಿತು. ಬೆರಳಿನ ನಾಳಗಳು ಇನ್ನೂ ಕಿರಿದು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯಿ ಪೂರ್ಣವಾಗಿ ತುಂಡಾದ ಹೆಬ್ಬೆರಳನ್ನು ಕೂಡಿಸಿ ಯಶಸ್ವಿಯಾದರು.

ಜೋಡಿಸುವ ಕ್ರಮ

ಬೆರಳಿನ ರಕ್ತನಾಳದ ವ್ಯಾಸ ಸುಮಾರು 1 ಮಿ.ಮೀ. ಮಾತ್ರ. ಅದನ್ನು ಹೊಲಿಯುವ ದಾರ ತಲೆಗೂದಲಿಗಿಂತ ತೆಳು. ಮೊದಲು ಮೂಳೆಯನ್ನು ತಂತಿಯಿಂದ ಬಿಗಿದು, ಸ್ನಾಯುರಜ್ಜುಗಳನ್ನು ಕೂಡಿಸಿ, ಅನಂತರ ಅಪಧಮನಿ, ನರ, ಅಭಿಧಮನಿಗಳನ್ನು ಹೊಲಿಯುತ್ತಾರೆ. ರಕ್ತ ತರುವ ಅಪಧಮನಿಯಷ್ಟೇ ಸಾಲದು. ಅದನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಯೂ ಬೇಕು. ಬಸಿಗಾಲುವೆಯಿಲ್ಲದ ಗದ್ದೆಯಲ್ಲಿ ಪೈರು ಕೊಳೆಯುವಂತೆ, ರಕ್ತ ನಿಂತಲ್ಲಿ ಬೆರಳು ಸಾಯುತ್ತದೆ. ನರವು ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುವುದರಿಂದ ಸ್ಪರ್ಶಜ್ಞಾನ ಮರಳಲು ತಿಂಗಳುಗಳೇ ಬೇಕು.

ಅಪಘಾತವಾದಾಗ ಮಾಡಬೇಕಾದುದು

1. ಯಂತ್ರ ನಿಲ್ಲಿಸಿ. ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲೆತ್ತಿರಿ. ಅರಿಶಿನ, ಕಾಫಿ ಪುಡಿ, ಸುಣ್ಣ ಹಚ್ಚಬೇಡಿ.

2. ತುಂಡನ್ನು ಶುದ್ಧ ನೀರಿನಲ್ಲಿ ಮೆಲ್ಲಗೆ ತೊಳೆದು, ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ನೀರು ಹೋಗದಂತೆ ಕಟ್ಟಿ.

3. ಆ ಚೀಲವನ್ನು ಮಂಜುಗಡ್ಡೆ ಬೆರೆಸಿದ ನೀರಿನ ಪಾತ್ರೆಯಲ್ಲಿಡಿ. ಬೆರಳು ಮಂಜುಗಡ್ಡೆಗೆ ನೇರವಾಗಿ ತಗಲಿದರೆ ಜೀವಕೋಶಗಳು ಕೆಡುತ್ತವೆ.

4. ತೊಗಲಿನ ಎಳೆಯಲ್ಲಿ ನೇತಾಡುವ ಬೆರಳನ್ನು ಕತ್ತರಿಸಬೇಡಿ.

5. ಗಾಯಾಳುವಿಗೆ ಊಟ, ಕಾಫಿ, ಬೀಡಿ ಕೊಡಬೇಡಿ. ತಕ್ಷಣ 108ಕ್ಕೆ ಕರೆಮಾಡಿ.

ತಂಪಿನಲ್ಲಿಟ್ಟ ಬೆರಳು ಸುಮಾರು 24 ಗಂಟೆ, ಹಾಗೆಯೇ ಬಿಟ್ಟದ್ದು ಸುಮಾರು 12 ಗಂಟೆ ಜೋಡಣೆಗೆ ಯೋಗ್ಯವಾಗಿರುತ್ತದೆ. ಮಣಿಕಟ್ಟಿನಿಂದ ಮೇಲೆ ತುಂಡಾದ ಭಾಗದಲ್ಲಿ ಮಾಂಸಖಂಡವಿರುವುದರಿಂದ ತಂಪಿಲ್ಲದಿದ್ದರೆ 6 ಗಂಟೆಯೊಳಗೇ ಕೆಲಸವಾಗಬೇಕು.

ಮಿತಿಗಳು

ನೇರವಾಗಿ ಕತ್ತರಿಸಿದ ಬೆರಳು ಕೂಡುವ ಸಂಭವ ಹೆಚ್ಚು. ಗಾಣದಲ್ಲಿ ಜಜ್ಜಿದ್ದು, ಬೆಲ್ಟಿಗೆ ಸಿಕ್ಕಿ ಕಿತ್ತುಬಂದದ್ದು ಕೂಡುವುದು ಕಷ್ಟ. ಈ ಚಿಕಿತ್ಸೆ ಎಲ್ಲ ಆಸ್ಪತ್ರೆಗಳಲ್ಲಿ ದೊರೆಯುವುದಿಲ್ಲ. ಸೂಕ್ಷ್ಮ ಶಸ್ತ್ರಚಿಕಿತ್ಸೆ ಬಲ್ಲ ವೈದ್ಯರು ಹತ್ತಿರದಲ್ಲಿ ಎಲ್ಲಿದ್ದಾರೆಂಬುದನ್ನು ವಿಸ್ತರಣಾ ಕಾರ್ಯಕರ್ತರು ಸುಗ್ಗಿಗೆ ಮುಂಚೆಯೇ ವಿಚಾರಿಸಿ ಗ್ರಾಮ ಪಂಚಾಯಿತಿಯಲ್ಲಿ ಬರೆದು ಹಾಕುವುದು ಒಳ್ಳೆಯದು.

ಎಷ್ಟೇ ಚೆನ್ನಾಗಿ ಜೋಡಿಸಿದರೂ ಬೆರಳು ಮೊದಲಿನಷ್ಟು ಬಾಗುವುದು ಅಪರೂಪ. ಆದ್ದರಿಂದ ಮುಚ್ಚಿದ ಬಾಯಿಯುಳ್ಳ ಯಂತ್ರವನ್ನೇ ಕೊಳ್ಳಿರಿ, ಸಡಿಲ ತೋಳಿನ ಅಂಗಿ ತೊಟ್ಟು ಕೆಲಸಕ್ಕೆ ನಿಲ್ಲದಿರಿ, ದಣಿದವರನ್ನು ಯಂತ್ರದ ಬಾಯಿಗೆ ಕೂರಿಸದಿರಿ.