ಪದಬಂಧದಲ್ಲಿ ಕೊಂಬು, ಕಹಳೆ, ತುತ್ತೂರಿ

ಪದಬಂಧವೆಂಬ ವಿನೋದವು 1913ನೆಯ ಇಸವಿ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರಿಂದ ಮೊದಲ್ಗೊಂಡಿತು. ಇಂಗ್ಲಿಷಿನಲ್ಲಿ ಮನೆಗೊಂದು ವರ್ಣ. ನಮ್ಮಲ್ಲಾದರೋ ಮನೆಗೊಂದು ಪೂರ್ಣಾಕ್ಷರ. ಆದಕಾರಣ ಟ್ರಂಪೆಟ್ ಎಂಬುದು ಅಲ್ಲಿ ಏಳು ಮನೆಗಳನ್ನು ಬೇಡಿದರೆ, ನಮ್ಮ ತುತ್ತೂರಿಯು ಮೂರರಲ್ಲಿ ಅಡಗುತ್ತದೆ. ಒತ್ತೂ ದೀರ್ಘವೂ ನಡುಮನೆಯಲ್ಲಿಯೇ ಒಕ್ಕಲಿರಬೇಕು.

‘ಊದುವ ವಾದ್ಯ, 3 ಮನೆ’ ಎಂಬ ಸುಳುಹನ್ನು ನಾವು ವಿದ್ಯಾರ್ಥಿನಿಯರ ಮುಂದಿಟ್ಟರೆ ಕಹಳೆ, ತುತ್ತೂರಿ, ಕೊಳಲು ಮೂರೂ ಸಲ್ಲುತ್ತವೆ. ‘ಹಿತ್ತಾಳೆಯದು’ ಎಂದು ಸೇರಿಸಿದರೆ ಸಾಲದೇ ಎಂದು ಕೇಳುವವರುಂಟು. ಸಾಲದು. ಹಿತ್ತಾಳೆಯು ತಾಮ್ರ ಸತುವುಗಳ ಬೆರಕೆ. ಕಂಚು ತಾಮ್ರ ತವರಗಳದು. ಕೊಂಬನ್ನು ತಾಮ್ರದಿಂದಲೂ ಮಾಡುವರು. ಅರಣ್ಯಕಾಂಡದ 10ನೆಯ ಅಧ್ಯಾಯದ ತುತೂರಿಗಳು ಬೆಳ್ಳಿಯವು. ರಾಜರತ್ನಂ ಅವರ ಶಿಶುಗೀತೆಯ ತುತ್ತೂರಿಯೋ ಬರಿಯ ತಗಡು! ಅತ್ತ, ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೊಫೋನು ಹಿತ್ತಾಳೆಯದಾದರೂ ಪಾಶ್ಚಾತ್ಯರು ಅದನ್ನು ಮರದ ವಾದ್ಯಗಳ ಪಂಕ್ತಿಯಲ್ಲಿ ಕೂಡಿಸುವರು. ಅದಕ್ಕೆ ಕಾರಣ, ಅದು ಪೀಪಿಯಿಂದ ನುಡಿಯುವುದು. ನಾಗಸ್ವರವೂ ಹಾಗೆಯೇ. ನಾಗಸ್ವರ ವಿದ್ವಾಂಸರ ಪುತ್ರರಾದ ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೊಫೋನಿನಲ್ಲಿ ಕರ್ಣಾಟಕ ಸಂಗೀತವನ್ನು ನುಡಿಸಿದುದು, ಈ ದೃಷ್ಟಿಯಿಂದ ನೋಡಿದರೆ, ದೂರದ ನೆಂಟಸ್ತನವೇನೂ ಅಲ್ಲ.

ಹಾಗಾದರೆ ಗುರುತು ಲೋಹದಲ್ಲಿಲ್ಲ, ತುಟಿಯಲ್ಲಿದೆ. ಕೊಂಬಿಗೆ ಪೀಪಿಯೂ ಇಲ್ಲ, ಬೆರಳಿಡುವ ರಂಧ್ರಗಳೂ ಇಲ್ಲ. ಊದುವವನ ತುಟಿಗಳೇ ಅದಿರಿ, ಒಳಗಣ ಗಾಳಿಯನ್ನು ನುಡಿಸುತ್ತವೆ. ತುಟಿಯ ಬಿಗುವು ಬದಲಾದಂತೆ ಸ್ವರವೂ ಬದಲಾಗುವುದು. ಶಂಖವು ಲೋಹವೇ ಅಲ್ಲದಿದ್ದರೂ ಈ ಬಳಗಕ್ಕೇ ಸೇರಿದುದು. ಆದುದರಿಂದ ‘ತುಟಿಯ ಅದಿರಿನಿಂದ ನುಡಿವುದು’ ಎಂದು ಬರೆದರೆ ಕೊಳಲು ತಾನಾಗಿ ಹೊರಗುಳಿಯುತ್ತದೆ. ಉಳಿದೆರಡರಲ್ಲಿ ಆಯ್ಕೆಗೆ ಕ್ರಿಯಾಪದವು ನೆರವಾಗಬಹುದು: ಕಹಳೆಯು ಮೊಳಗುತ್ತದೆ, ತುತ್ತೂರಿಯನ್ನು ಮಕ್ಕಳೂ ಊದುತ್ತಾರೆ. ಕಹಳೆಯು ಸಂಸ್ಕೃತದ ಕಾಹಲದಿಂದ ಬಂದುದು. ತುತ್ತೂರಿಯ ಹೆಸರಿನಲ್ಲಿ ಅದರ ಸದ್ದೇ ಕೇಳಿಸುವಂತಿದೆ.

ಇವೆಲ್ಲವುಗಳಲ್ಲಿ ನಮಗೆ ಪ್ರಿಯವಾದುದು ಕೊಂಬು. ಎತ್ತಿನ ತಲೆಯಲ್ಲಿರುವುದೂ ಅದೇ, ಮರದಲ್ಲಿ ಕವಲೊಡೆಯುವುದೂ ಅದೇ, ಜಾತ್ರೆಯಲ್ಲಿ ಕೂಗುವುದೂ ಅದೇ. ಅಕ್ಷರದ ಬಲಕ್ಕೆ ಬಾಗಿ ನಿಲ್ಲುವ ಉಕಾರದ ಚಿಹ್ನೆಯೂ ಕೊಂಬೇ. (ಗರ್ವಿಷ್ಠರಿಗೆ ಬರುವ ಕೊಂಬಿನ ಮಾತನ್ನು ಇಲ್ಲಿ ಬಿಡೋಣ.) ಯೆರಿಕೋವಿನ ಗೋಡೆ ಬಿದ್ದಾಗ ಯಾಜಕರು ಊದಿದುದು ಟಗರಿನ ಕೊಂಬುಗಳನ್ನು. ಇಂಗ್ಲಿಷಿನ ಬ್ಯೂಗಲ್ ಎಂಬ ಶಬ್ದದ ಲ್ಯಾಟಿನ್ ಮೂಲಕ್ಕೂ ಎಳೆಯ ಎತ್ತೆಂದೇ ಅರ್ಥ.

ರಾಯಚರ್ಲು, ಪಾವಗಡದ ಕಡೆಗಳಿಂದ ಬರುವ ಕೆಲವು ಬಾಲಿಕೆಯರು ಮನೆಯಲ್ಲಿ ತೆಲುಗು ಆಡುವುದನ್ನು ಹೇಳಲು ನಾಚುತ್ತಾರೆ. ತಾಯಿತಂದೆಗಳೂ ಅದು ಕನ್ನಡಕ್ಕೆ ವಿಘ್ನವೆಂದು ಎಣಿಸುವುದುಂಟು. ಆದರೆ ತೆಲುಗಿನ ಕೊಮ್ಮು ಎತ್ತಿನ ಕೊಂಬೂ ಹೌದು, ಉಕಾರದ ಚಿಹ್ನೆಯೂ ಹೌದು. ಊರಿನ ಜಾತ್ರೆಯಲ್ಲಿ ಕೊಂಬಿನ ಕೂಗನ್ನು ಕೇಳಿ, ಅಜ್ಜಿಯ ಬಾಯಿಂದ ಕೊಮ್ಮೆಂಬ ಮಾತನ್ನು ಕಲಿತವಳಿಗೆ ಈ ಅರ್ಥಗಳು ಪುಸ್ತಕ ತೆರೆಯುವ ಮುನ್ನವೇ ತಿಳಿದಿರುತ್ತವೆ. ಅಂಥವಳು ನಾಚಿ ಸುಮ್ಮನಿದ್ದರೆ ತರಗತಿಗೇ ನಷ್ಟ. ಮಿಕ್ಕವರು 1894ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚಿಸಿದ ಕಿಟ್ಟೆಲರ ನಿಘಂಟನ್ನು ತೆರೆಯಲಿ.

ಹಳೆಯ ವಿದ್ಯಾರ್ಥಿನಿಯರು ಮನೆಯ ಮಕ್ಕಳಿಗೆ ಈ ಸುಳುಹನ್ನು ಕೊಟ್ಟು ನೋಡಬಹುದು: 2 ಮನೆ, ಎತ್ತು ಹೊತ್ತಿದೆ, ಜಾತ್ರೆ ಕೇಳಿದೆ, ತನ್ನ ಕಡೆಯ ಅಕ್ಷರಕ್ಕೆ ತಾನೇ ಅಂಟಿಕೊಂಡಿದೆ.