ಚಿತ್ರದ ಕಡತ ತೆರೆಯದಿದ್ದರೆ

ನ್ಯೂಟನ್ನನ ಉಂಗುರಗಳ ಪ್ರಯೋಗವನ್ನು ಮಾಡಿದವರಿಗೆ ಅದರ ಕಷ್ಟ ಗೊತ್ತು. ಗಾಜಿನ ಫಲಕದ ಮೇಲೆ ಮಸೂರವೊಂದನ್ನಿಟ್ಟು ಸೋಡಿಯಮ್ ದೀಪದ ಹಳದಿ ಬೆಳಕನ್ನು ಹಾಯಿಸಿದರೆ, ಸೂಕ್ಷ್ಮದರ್ಶಕದಲ್ಲಿ ಒಂದರೊಳಗೊಂದು ಸೇರಿದ ಕಪ್ಪು ಬಳೆಗಳು ಕಾಣುವುವು. ಅವುಗಳ ವ್ಯಾಸವನ್ನು ಅಳೆದು ಮುಗಿಸುವಷ್ಟರಲ್ಲಿ ಕಣ್ಣು ಸೋಲುತ್ತದೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಇದಕ್ಕೊಂದು ಉಪಾಯ ಹೂಡಿದಳು. ಸೂಕ್ಷ್ಮದರ್ಶಕಕ್ಕೆ ತನ್ನ ಚರವಾಣಿಯನ್ನು ಹೊಂದಿಸಿ ಹನ್ನೆರಡು ಚಿತ್ರಗಳನ್ನು ತೆಗೆದಳು. ಅವನ್ನು ಪೆನ್ ಡ್ರೈವಿಗೆ ಸಾಗಿಸಿ, ಚರವಾಣಿಯಲ್ಲಿ ಸ್ಥಳ ಸಾಲದೆ ಅಲ್ಲಿದ್ದುವನ್ನು ಅಳಿಸಿಬಿಟ್ಟಳು. ಎರಡು ದಿನಗಳ ಮೇಲೆ ದೀಪ ಕೆಟ್ಟಿತು. ಹೊಸದು ಬರಲು ತಿಂಗಳಾಗುವುದೆಂದು ತಿಳಿಯಿತು. ವರದಿಯನ್ನೊಪ್ಪಿಸಲು ಉಳಿದಿದ್ದುದು ಒಂಬತ್ತು ದಿನ. ಇಂಥ ಸಮಯದಲ್ಲಿ ಪ್ರಯೋಗಶಾಲೆಯ ಗಣಕಯಂತ್ರ ಆ ಚಿತ್ರಗಳಲ್ಲಿ ಒಂದನ್ನೂ ತೆರೆಯಲೊಲ್ಲದೆ ಹೋಯಿತು.

ನಾವಾಗ ಮಾಡಿದುದು ಎಲ್ಲರೂ ಮಾಡುವಂಥದೇ. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕೆಯ ಮುಂದೆ ಅಪರಿಚಿತವಾದ ನಾಲ್ಕು ಅಕ್ಷರಗಳಿದ್ದುವು. ಅವನ್ನು ತೆಗೆದು ಹಾಕಿ, ಪರಿಚಿತವಾದ ‘ಜೆ.ಪಿ.ಜಿ.’ ಎಂಬ ಬಾಲವನ್ನು ಅಂಟಿಸಿದೆವು. ಆದರೂ ಚಿತ್ರ ತೆರೆಯಲಿಲ್ಲ. ಕಡತಗಳು ಕೆಟ್ಟಿವೆ, ಪ್ರಯೋಗವನ್ನು ಮತ್ತೆ ಮಾಡಬೇಕು ಎಂದು ತೀರ್ಪು ಕೊಟ್ಟೆವು. ಆಕೆ ನಮ್ಮ ಮಾತನ್ನು ಕೇಳಿ ಸುಮ್ಮನಾದಳೇ ಹೊರತು ಕಡತಗಳನ್ನು ಅಳಿಸಲಿಲ್ಲ. ಅದು ಒಳ್ಳೆಯದೇ ಆಯಿತು. ಏಕೆಂದರೆ ನಮ್ಮ ತೀರ್ಪು ಶುದ್ಧ ತಪ್ಪಾಗಿತ್ತು.

ಗಣಕಯಂತ್ರದ ಯಾವ ಕಡತವೇ ಆಗಲಿ, ಅದು ಒಂದರ ಹಿಂದೊಂದಾಗಿ ಬರೆದಿಟ್ಟ ಸಂಖ್ಯೆಗಳ ಸಾಲು. ಪ್ರತಿಯೊಂದು ಸಂಖ್ಯೆಯೂ 0ಯಿಂದ 255ರ ವರೆಗಿನದು. ಅದಕ್ಕೆ ಬೈಟು ಎಂದು ಹೆಸರು. ಹೆಸರಿನ ಬಾಲವಾದರೋ ಈ ಸಾಲಿನ ಹೊರಗಿನದು. ಅಡಿಗೆಮನೆಯ ಡಬ್ಬಿಯ ಮೇಲಿನ ಚೀಟಿಯಂತೆ ಅದು. ಉಪ್ಪಿನ ಡಬ್ಬಿಗೆ ಸಕ್ಕರೆಯೆಂದು ಚೀಟಿ ಹಚ್ಚಿದ ಮಾತ್ರಕ್ಕೆ ಕಾಫಿ ಸಿಹಿಯಾದೀತೆ? ಒಳಗಿರುವುದೇನೆಂದು ತಿಳಿಯಬೇಕಾದರೆ ಮುಚ್ಚಳ ತೆಗೆದು ನೋಡಬೇಕು.

ಹಾಗೆ ನೋಡಲು ಸಾಧನಗಳುಂಟು. ಕಡತದ ಬೈಟುಗಳನ್ನು ಸಂಖ್ಯೆಗಳಾಗಿಯೇ ತೋರಿಸುವ ಚಿಕ್ಕ ಕಾರ್ಯಕ್ರಮಗಳು ಬಿಟ್ಟಿಯಾಗಿ ದೊರೆಯುತ್ತವೆ. ಚಿತ್ರದ ನಮೂನೆಗಳನ್ನು ನಿರ್ಮಿಸಿದವರು ಮೊದಲ ಕೆಲವು ಬೈಟುಗಳಲ್ಲಿ ತಮ್ಮ ಮುದ್ರೆಯನ್ನು ಒತ್ತಿಟ್ಟಿರುತ್ತಾರೆ. ಜೆಪೆಗ್ ಚಿತ್ರ 255, 216, 255 ಎಂದು ಮೊದಲಾಗುತ್ತದೆ. 1987ರಲ್ಲಿ ಬಂದ ಜಿಫ್ ನಮೂನೆಯಲ್ಲಿ 71, 73, 70 ಎಂದಿರುತ್ತದೆ. ಅವು ಜಿ, ಐ, ಎಫ್ ಎಂಬ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ನಮ್ಮ ವಿದ್ಯಾರ್ಥಿನಿಯ ಕಡತದಲ್ಲಿ ಐದನೆಯ ಬೈಟಿನಿಂದ ಮುಂದಕ್ಕೆ 102, 116, 121, 112 ಎಂದೂ, ಅದರ ಮುಂದೆ 104, 101, 105, 99 ಎಂದೂ ಇದ್ದಿತು. ಈ ಎರಡನೆಯ ಗುಂಪನ್ನು ಅಕ್ಷರಗಳಾಗಿ ಓದಿದರೆ ‘ಹೆಚ್.ಇ.ಐ.ಸಿ.’ ಎಂದಾಗುತ್ತದೆ. ನಾವು ಕಿತ್ತೆಸೆದ ಬಾಲವೂ ಅದೇ! ಚೀಟಿ ಸತ್ಯವನ್ನೇ ಹೇಳುತ್ತಿತ್ತು. ಸುಳ್ಳು ಚೀಟಿಯನ್ನು ಅಂಟಿಸಿದವರು ನಾವು.

ಈ ನಮೂನೆಯ ಮೂಲ ನಿಯಮಗಳು 2015ರಲ್ಲಿ ಸಿದ್ಧವಾದುವು. 2017ರಲ್ಲಿ ಆಪಲ್ ಕಂಪೆನಿ ತನ್ನ ಚರವಾಣಿಗಳಲ್ಲಿ ಇದನ್ನು ಬಳಕೆಗೆ ತಂದಿತು. ಚಲಚ್ಚಿತ್ರಗಳನ್ನು ಅಡಕಗೊಳಿಸಲು ರೂಪಿಸಿದ ಗಣಿತವನ್ನೇ ಇದು ನಿಶ್ಚಲಚಿತ್ರಕ್ಕೂ ಅನ್ವಯಿಸುವುದರಿಂದ, ಚಿತ್ರದ ಅಂದ ಕೆಡದೆ ಕಡತ ಚಿಕ್ಕದಾಗುತ್ತದೆ. ಆದರೆ ಆ ಗಣಿತದ ಮೇಲೆ ಪೇಟೆಂಟುಗಳ ಹಕ್ಕಿದೆ. ಆದುದರಿಂದ ಅದನ್ನು ಬಿಡಿಸುವ ಕಾರ್ಯಕ್ರಮ ಎಲ್ಲ ಗಣಕಯಂತ್ರಗಳಲ್ಲಿಯೂ ಮೊದಲೇ ಇರುವುದಿಲ್ಲ. ಕಡತ ಕೆಡುವುದು ಬೇರೆ. ಯಂತ್ರಕ್ಕೆ ಅದರ ಭಾಷೆ ಬಾರದಿರುವುದು ಬೇರೆ. ಪರದೆಯ ಮೇಲೆ ಬರುವ ಒಂದೇ ಸಾಲಿನ ಉತ್ತರ ಈ ಎರಡಕ್ಕೂ ಭೇದವೆಣಿಸದೆ ‘ತೆರೆಯಲಾಗದು’ ಎಂದಷ್ಟೇ ಹೇಳಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಭಾಷೆ ತಿಳಿದಿದ್ದರೂ ಓದುವ ದಿಕ್ಕು ತಪ್ಪುವುದುಂಟು. 255ಕ್ಕಿಂತ ದೊಡ್ಡ ಸಂಖ್ಯೆಗೆ ಒಂದು ಬೈಟು ಸಾಲದು. ಚಿತ್ರದ ಅಗಲ 640 ಬಿಂದುಗಳೆನ್ನೋಣ. 640 ಎಂದರೆ 256ರ ಎರಡು ಪಾಲು ಮತ್ತು 128. ಇದನ್ನು 2, 128 ಎಂದು ದೊಡ್ಡ ಸ್ಥಾನವನ್ನು ಮುಂದಿಟ್ಟು ಬರೆಯಬಹುದು. 128, 2 ಎಂದು ಚಿಕ್ಕ ಸ್ಥಾನವನ್ನು ಮುಂದಿಟ್ಟೂ ಬರೆಯಬಹುದು. ನಮ್ಮ ಕಟಪಯಾದಿ ಪದ್ಧತಿಯನ್ನು ಬಲ್ಲ ವಾಚಕರಿಗೆ ಇದು ಹೊಸದಲ್ಲ. ಅದರಲ್ಲಿ ‘ಜ’ ಎಂದರೆ 8, ‘ಯ’ ಎಂದರೆ 1. ಮೊದಲ ಅಕ್ಷರ ಏಕಸ್ಥಾನವಾದುದರಿಂದ ‘ಜಯ’ ಎಂದರೆ 81 ಅಲ್ಲ, 18. (ಮಹಾಭಾರತಕ್ಕೆ ಆ ಹೆಸರೂ ಉಂಟು, ಅದರ ಪರ್ವಗಳೂ ಅಷ್ಟೇ.) ನಿಯಮವನ್ನರಿಯದೆ 128, 2 ಎಂಬುದನ್ನು ಹಿಂದುಮುಂದಾಗಿ ಓದಿದ ಯಂತ್ರ, ಚಿತ್ರದ ಅಗಲವನ್ನು 32,770 ಎಂದು ತಿಳಿದು ಕೈಚೆಲ್ಲಿ ಕುಳಿತುಕೊಳ್ಳುತ್ತದೆ.

1981ರ ಐ.ಬಿ.ಎಂ. ಪಿ.ಸಿ.ಯಲ್ಲಿದ್ದ ಇಂಟೆಲ್ ಸಂಸ್ಕಾರಕವು ಚಿಕ್ಕದನ್ನು ಮುಂದಿಡುತ್ತಿತ್ತು. 1984ರ ಮ್ಯಾಕಿಂಟಾಷಿನ ಮೋಟೊರೋಲ ಸಂಸ್ಕಾರಕವು ದೊಡ್ಡದನ್ನು. 1986ರಲ್ಲಿ ಹೊರಬಂದ ಟಿಫ್ ನಮೂನೆಯ ಕರ್ತೃಗಳು ಇಬ್ಬರನ್ನೂ ಒಪ್ಪಿಸಲು ಜಾಣತನದ ದಾರಿ ಕಂಡರು. ಮೊದಲ ಎರಡು ಬೈಟುಗಳು 73, 73 ಆಗಿದ್ದರೆ ಇಂಟೆಲಿನ ಕ್ರಮ. 77, 77 ಆಗಿದ್ದರೆ ಮೋಟೊರೋಲದ ಕ್ರಮ. ಎರಡು ಬೈಟುಗಳೂ ಒಂದೇ ಆದುದರಿಂದ ಎತ್ತ ಕಡೆಯಿಂದ ಓದಿದರೂ ಅರ್ಥ ಕೆಡುವುದಿಲ್ಲ. ಅದರ ಮುಂದೆ ಪರೀಕ್ಷೆಗಾಗಿ 42 ಎಂಬ ಸಂಖ್ಯೆ ಇರುತ್ತದೆ. ಕ್ರಮ ತಪ್ಪಿದರೆ ಅದು 10,752 ಆಗಿ ಕಂಡು ಎಚ್ಚರಿಸುತ್ತದೆ. ಇಷ್ಟಿದ್ದರೂ ಒಂದೇ ಕ್ರಮವನ್ನು ಮಾತ್ರ ಕಲಿತ ಅವಸರದ ಕಾರ್ಯಕ್ರಮಗಳು ಹಳೆಯ ಟಿಫ್ ಚಿತ್ರಗಳ ಮುಂದೆ ಎಡವುವುದುಂಟು.

ಇನ್ನು ನಿಜವಾಗಿಯೇ ಕೆಡುವ ಸಂದರ್ಭ. ಬರವಣಿಗೆಯಲ್ಲಿ ಸಾಲು ಮುಗಿಯಿತೆಂದು ಸೂಚಿಸಲು ಯೂನಿಕ್ಸ್ ಯಂತ್ರಗಳು 10 ಎಂಬ ಬೈಟನ್ನೂ, ಡಾಸ್ ಮತ್ತು ವಿಂಡೋಸ್ ಯಂತ್ರಗಳು 13, 10 ಎಂಬ ಜೋಡಿಯನ್ನೂ ಬಳಸುತ್ತವೆ. ಯಂತ್ರದಿಂದ ಯಂತ್ರಕ್ಕೆ ಕಡತ ಸಾಗಿಸುವ ಹಳೆಯ ವಿಧಾನಗಳಲ್ಲಿ, ಕಡತವನ್ನು ಬರವಣಿಗೆಯೆಂದು ಭಾವಿಸಿ ಒಂದನ್ನು ಇನ್ನೊಂದಕ್ಕೆ ಮಾರ್ಪಡಿಸುವ ಏರ್ಪಾಡಿತ್ತು. ಪತ್ರಕ್ಕೆ ಅದು ಉಪಕಾರ, ಚಿತ್ರಕ್ಕೆ ವಿಷ. ಚಿತ್ರದಲ್ಲಿ 10 ಎಂಬುದು ಬಣ್ಣದ ಲೆಕ್ಕದ ಒಂದು ಪಾಲಾಗಿರಬಹುದು. ಅಲ್ಲೆಲ್ಲ ಒಂದೊಂದು 13 ನುಸುಳಿದರೆ ಮುಂದಿನ ಲೆಕ್ಕವೆಲ್ಲ ಜರುಗಿಹೋಗುತ್ತದೆ. ಹೀಗೆ ಸೇರಿದ 13ನ್ನು ಅದೇ ನಿಯಮದಿಂದ ತೆಗೆದು ಹಾಕಿ ಚಿತ್ರವನ್ನು ಉಳಿಸಬಹುದು. ಆದರೆ ಇದ್ದ 13 ಕಳೆದುಹೋಗಿದ್ದರೆ, ಯಾವ 10ರ ಹಿಂದೆ ಅದಿತ್ತು, ಯಾವುದರ ಹಿಂದೆ ಇರಲಿಲ್ಲ ಎಂದು ಹೇಳುವವರಾರು?

1996ರಲ್ಲಿ ಪ್ರಕಟವಾದ ಪಿ.ಎನ್.ಜಿ. ನಮೂನೆಯ ಮುದ್ರೆಯನ್ನು ನೋಡಿದಾಗಲೆಲ್ಲ ನಮಗೆ ಸಂತೋಷವಾಗುತ್ತದೆ. ಅದರ ಎಂಟು ಬೈಟುಗಳು: 137, 80, 78, 71, 13, 10, 26, 10. ನಡುವಿನ 80, 78, 71 ಅದರ ಹೆಸರು. ಉಳಿದುವೆಲ್ಲ ಕಾವಲುಗಾರರು. ಬೈಟಿನ ಎಂಟು ದ್ವಿಮಾನ ಅಂಕಗಳಲ್ಲಿ ಏಳನ್ನು ಮಾತ್ರ ಸಾಗಿಸುವ ಮಾರ್ಗದಲ್ಲಿ ಚಿತ್ರ ಬಂದಿದ್ದರೆ 137 ಎಂಬುದು 9 ಆಗಿರುತ್ತದೆ. 13, 10 ಎಂಬ ಜೋಡಿಯಲ್ಲಿ 13 ಕಾಣದಿದ್ದರೆ, ಅಥವಾ ಕೊನೆಯ 10ರ ಹಿಂದೆ 13 ಹುಟ್ಟಿಕೊಂಡಿದ್ದರೆ, ಯಾವ ದಿಕ್ಕಿನ ಮಾರ್ಪಾಡು ನಡೆದಿದೆಯೆಂದು ತಿಳಿಯುತ್ತದೆ. 26 ಎಂಬುದು ಡಾಸ್ ಯಂತ್ರದಲ್ಲಿ ಬರವಣಿಗೆ ಮುಗಿಯಿತೆಂಬ ಗುರುತು. ಯಾರಾದರೂ ಚಿತ್ರವನ್ನು ಬರವಣಿಗೆಯಂತೆ ಪರದೆಗೆ ಸುರಿಯಹೊರಟರೆ ಅದು ಅಲ್ಲಿಯೇ ತಡೆಯುತ್ತದೆ. ರೋಗ ಯಾವುದೆಂದು ರೋಗಿಯ ಹಣೆಯ ಮೇಲೆಯೇ ಬರೆದಂತಾಯಿತು.

ತೆರೆಯದ ಚಿತ್ರ ಕೈಗೆ ಬಂದಾಗ ಮೊದಲು ಅದರದೊಂದು ಪ್ರತಿ ಮಾಡಿಕೊಂಡು, ಮುಂದಿನ ಪ್ರಯತ್ನಗಳನ್ನೆಲ್ಲ ಆ ಪ್ರತಿಯ ಮೇಲೆಯೇ ನಡೆಸತಕ್ಕದ್ದು. ಬಳಿಕ ಕಡತದ ಗಾತ್ರವನ್ನು ನೋಡಬೇಕು. ಸೊನ್ನೆಯಾಗಿದ್ದರೆ ಒಳಗೇನೂ ಇಲ್ಲ. ಮೂಲ ಇನ್ನೂ ಬೇರೆಡೆ ಇದ್ದರೆ ಎರಡರ ಗಾತ್ರವನ್ನೂ ಹೋಲಿಸಬೇಕು. ಒಂದು ಬೈಟಿನ ವ್ಯತ್ಯಾಸವಿದ್ದರೂ ಸಾಗಣೆಯಲ್ಲಿ ದೋಷವಿದೆಯೆಂದೇ ಅರ್ಥ. ಆಮೇಲೆ ಮುದ್ರೆ. ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ‘ಫೈಲ್’ ಎಂಬ ಆಜ್ಞೆಯನ್ನಿತ್ತರೆ, ಅದು ಹೆಸರನ್ನು ನಂಬದೆ ಒಳಗಿನ ಬೈಟುಗಳನ್ನು ನೋಡಿ ನಮೂನೆಯನ್ನು ತಿಳಿಸುತ್ತದೆ. ಮುದ್ರೆ ಸರಿಯಾಗಿದ್ದು ಗಾತ್ರವೂ ಸರಿಯಿದ್ದರೆ, ಕಡತವನ್ನು ದೂರುವ ಮೊದಲು ಇನ್ನೊಂದು ಕಾರ್ಯಕ್ರಮದಲ್ಲಿ ತೆರೆದು ನೋಡುವುದು ನ್ಯಾಯ.

ನಾವು ಚಿತ್ರಗಳ ಪ್ರತಿಗಳನ್ನು ಲಿನಕ್ಸ್ ಯಂತ್ರವೊಂದಕ್ಕೆ ಒಯ್ದು ಗಿಂಪ್ ಎಂಬ ಕಾರ್ಯಕ್ರಮದಲ್ಲಿ ತೆರೆದೆವು. ಹನ್ನೊಂದು ಚಿತ್ರಗಳು ತೆರೆದುಕೊಂಡುವು. ಹನ್ನೆರಡನೆಯದರ ಗಾತ್ರ ಸೊನ್ನೆ. ಸಾಗಣೆ ಮುಗಿಯುವ ಮೊದಲೇ ಪೆನ್ ಡ್ರೈವನ್ನು ಕಿತ್ತಿರಬೇಕು. ತೆರೆದ ಚಿತ್ರಗಳನ್ನು ಅಳತೆಗೆ ಅನುಕೂಲವಾಗುವಂತೆ ಪಿ.ಎನ್.ಜಿ. ನಮೂನೆಯಲ್ಲಿ ಉಳಿಸಿದೆವು, ಜೆಪೆಗ್ ನಮೂನೆಯಾದರೆ ಬಳೆಗಳ ಅಂಚನ್ನು ಇನ್ನಷ್ಟು ಸವೆಸುತ್ತಿತ್ತು. ಆಕೆ ಪರದೆಯ ಮೇಲೆಯೇ ವ್ಯಾಸಗಳನ್ನಳೆದು, ಮಸೂರದ ವಕ್ರತಾತ್ರಿಜ್ಯವನ್ನು ಲೆಕ್ಕ ಹಾಕಿ, ಗೊತ್ತಾದ ದಿನಕ್ಕೆ ವರದಿಯನ್ನೊಪ್ಪಿಸಿದಳು. ದೀಪ ಇನ್ನೂ ಬಂದಿರಲಿಲ್ಲ.