ಹಕ್ಕಲು ಆಯುವ ಸೀಮೆಯಲ್ಲಿ ಬೈಬಲ್ ಓದು

ಬೈಬಲನ್ನು ತಾವೇ ಕೂತು ಓದಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲ ಪುಟದಿಂದಲೇ ಶುರುಮಾಡುತ್ತಾರೆ. ಆದಿಕಾಂಡದ ಕತೆಗಳು ಸರಾಗವಾಗಿ ಓದಿಸಿಕೊಂಡು ಹೋಗುತ್ತವೆ. ವಿಮೋಚನಕಾಂಡದ ಅರ್ಧದವರೆಗೂ ಬೇಸರವಾಗುವುದಿಲ್ಲ. ಆಮೇಲೆ ಗುಡಾರದ ಅಳತೆಗಳು, ಯಾಜಕರ ಉಡುಪು, ಬಲಿಯ ವಿಧಿಗಳು ಬರುತ್ತವೆ. ಯಾಜಕಕಾಂಡ ತಲುಪುವಷ್ಟರಲ್ಲಿ ಪುಸ್ತಕ ವಾಪಸು ಬೀರು ಸೇರಿರುತ್ತದೆ.

ಇದಕ್ಕಾಗಿ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಬೈಬಲ್ ಎಂದರೆ ಬೇರೆಬೇರೆ ಕಾಲದಲ್ಲಿ ಬೇರೆಬೇರೆಯವರು ಬರೆದ ಪುಸ್ತಕಗಳ ಕಟ್ಟು. ಪ್ರೊಟೆಸ್ಟೆಂಟರ ಪ್ರತಿಯಲ್ಲಿ 66 ಪುಸ್ತಕಗಳಿವೆ, ಕಥೋಲಿಕರ ಪ್ರತಿಯಲ್ಲಿ 73. ಕಾನೂನು, ಹಾಡು, ಗಾದೆ, ರಾಜರ ಚರಿತ್ರೆ, ಸಭೆಗಳಿಗೆ ಬರೆದ ಕಾಗದ ಎಲ್ಲವೂ ಅದರೊಳಗಿವೆ. ಹಾಗಾಗಿ ಎಲ್ಲಿಂದ ಹೊರಟರೂ ನಡೆಯುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರು ಕೇಳಿದರೆ ನಾನು ರೂತಳ ಪುಸ್ತಕದಿಂದ ಹೊರಡಿ ಎನ್ನುತ್ತೇನೆ. ಇರುವುದು ನಾಲ್ಕೇ ಅಧ್ಯಾಯ, ನಿಧಾನವಾಗಿ ಓದಿದರೂ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಈ ಪುಸ್ತಕವನ್ನೇ ಹೇಳಲು ಒಂದು ಕಾರಣವಿದೆ. ಈ ಕತೆ ಬರದಿಂದ ಶುರುವಾಗುತ್ತದೆ. ಬೇತ್ಲೆಹೇಮಿನ ಒಂದು ಸಂಸಾರ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮೋವಾಬ್ ನಾಡಿಗೆ ಹೋಗುತ್ತದೆ. ಅಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ನೊವೊಮಿ, ಊರಲ್ಲಿ ಮಳೆಬೆಳೆ ಆಯಿತೆಂಬ ಸುದ್ದಿ ಕೇಳಿ ಹಿಂತಿರುಗುತ್ತಾಳೆ. ಅವಳ ಬೆನ್ನು ಬಿಡದೆ ಬಂದವಳು ಅನ್ಯನಾಡಿನ ಸೊಸೆ ರೂತ್. ಮುಂದಿನ ಕತೆಯೆಲ್ಲ ಕೊಯ್ಲಿನ ಹೊಲದಲ್ಲಿ, ಕಣದಲ್ಲಿ, ಊರಬಾಗಿಲಿನ ಪಂಚಾಯಿತಿಯಲ್ಲಿ ನಡೆಯುತ್ತದೆ. ದೊಡ್ಡ ಪಟ್ಟಣದಲ್ಲಿ ಹುಟ್ಟಿ ಬೆಳೆದವನಿಗೆ ಇದರಲ್ಲಿ ಹೆಜ್ಜೆಹೆಜ್ಜೆಗೂ ವಿವರಣೆ ಬೇಕಾದೀತು. ಕಡಲೆಕಾಯಿ ಕಿತ್ತ ಹೊಲದಲ್ಲಿ ಉಳಿದ ಕಾಯಿಗಾಗಿ ಮಣ್ಣು ಕೆದಕುವ ಹೆಂಗಸರನ್ನು ಕಂಡ ನಮಗೆ ಹಕ್ಕಲು ಆಯುವುದೆಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ಮೊದಲ ಸಲ ಕತೆಯಂತೆ ಒಂದೇ ಉಸಿರಿಗೆ ಓದಿ. ಪೆನ್ಸಿಲ್ ಬೇಡ, ನೋಟ್ ಪುಸ್ತಕವೂ ಬೇಡ. ನಂಬಿಕೆಯುಳ್ಳವರು ಓದುವ ಮುಂಚೆ ಚಿಕ್ಕ ಪ್ರಾರ್ಥನೆ ಮಾಡುತ್ತಾರೆ, ನೀವೂ ಮಾಡಬಹುದು. ಮಾರನೆಯ ದಿನ ಎರಡನೇ ಅಧ್ಯಾಯವನ್ನಷ್ಟೇ ತೆಗೆದುಕೊಂಡು ಕೂತು ತಡೆದು ತಡೆದು ಓದಿ. ಯಾರು ಯಾರಿಗೆ ಏನು ಹೇಳುತ್ತಿದ್ದಾರೆ? ಅಂದಿನ ಜನಕ್ಕೆ ಆ ಮಾತು ಹೇಗೆ ಕೇಳಿಸಿರಬಹುದು? ಇದು ಖಚಿತವಾಗುವ ತನಕ 'ನನಗೇನು ಹೇಳುತ್ತದೆ' ಎಂಬ ಪ್ರಶ್ನೆಯನ್ನು ತಡೆಹಿಡಿಯಿರಿ. ಹೊಸಬರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಈ ಕಾಯುವ ಕೆಲಸವೇ.

ಪರನಾಡಿನ ಬಡ ವಿಧವೆಯೊಬ್ಬಳು ಯಾರದೋ ಹೊಲಕ್ಕೆ ಇಳಿದು ತೆನೆ ಆಯುವ ಧೈರ್ಯ ಮಾಡಿದ್ದು ಹೇಗೆ? ಉತ್ತರ ಇರುವುದು ನಾವು ಬೇಸತ್ತು ಮುಚ್ಚಿಟ್ಟ ಯಾಜಕಕಾಂಡದಲ್ಲಿ. ಹತ್ತೊಂಬತ್ತನೇ ಅಧ್ಯಾಯದ 9 ಮತ್ತು 10ನೇ ವಚನಗಳಲ್ಲಿ, ಹೊಲದ ಅಂಚಿನವರೆಗೂ ಕೊಯ್ಯಬಾರದು, ಉದುರಿದ್ದನ್ನು ಮತ್ತೆ ಆರಿಸಬಾರದು, ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು ಎಂಬ ಕಟ್ಟಳೆ ಇದೆ. ಅಂದರೆ ರೂತ್ ಭಿಕ್ಷೆಗೆ ಬಂದವಳಲ್ಲ, ಕಾನೂನು ಕೊಟ್ಟ ಪಾಲಿಗೆ ಬಂದವಳು. ಹೊಲದ ಯಜಮಾನ ಬೋವಜ ಕಟ್ಟಳೆಯನ್ನು ಪಾಲಿಸಿ ಅಷ್ಟಕ್ಕೇ ನಿಲ್ಲುವುದಿಲ್ಲ. ಸಿವುಡಿನಿಂದ ಬೇಕೆಂದೇ ಒಂದಿಷ್ಟು ತೆನೆ ಕಿತ್ತು ಬಿಡಿ ಎಂದು ಆಳುಗಳಿಗೆ ಹೇಳುತ್ತಾನೆ. ಸಂಜೆ ಬಡಿದು ನೋಡಿದರೆ ಅವಳ ಪಾಲಿಗೆ ಒಂದು ಏಫಾ ಜವೆಗೋಧಿ, ಹೆಚ್ಚುಕಡಿಮೆ ನಮ್ಮ 20 ಲೀಟರ್ ನೀರಿನ ಕ್ಯಾನ್ ತುಂಬುವಷ್ಟು. ಇಷ್ಟನ್ನೆಲ್ಲ ಗಮನಿಸುವ ನಾವು ರೂತಳ ಎರಡನೇ ಅಧ್ಯಾಯದ 9ನೇ ವಚನವನ್ನು ಮಾತ್ರ ಹಾರಿಸಿಬಿಡುತ್ತೇವೆ. ಅಲ್ಲಿ ಬೋವಜ, ಇವಳ ಮೈಮುಟ್ಟಕೂಡದೆಂದು ಗಂಡಾಳುಗಳಿಗೆ ತಾಕೀತು ಮಾಡಿದ್ದೇನೆ ಎನ್ನುತ್ತಾನೆ. ಕತ್ತಲಿರುವಾಗಲೇ ಬಸ್ಸು ಹತ್ತಿ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿರುವ ಮನೆಯವರು ಈ ಸಾಲನ್ನು ಹಾರಿಸಲಾರರು.

ಈಗ ಬದುಕಿಗೆ ತರುವ ಮಾತು. ಕಟ್ಟಳೆಯನ್ನು ಇದ್ದ ಹಾಗೇ ಎತ್ತಿ ಇಲ್ಲಿ ಇಟ್ಟರೆ ಆಗುವುದಿಲ್ಲ. ಪಾವಗಡದ ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಜಮೀನು 2,050 ಮೆಗಾವಾಟಿನ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಬಾಡಿಗೆ ಶುರುವಾಯಿತು. ಮಳೆಯನ್ನೇ ನಂಬಿ ಸೋತಿದ್ದ ಹೊಲದೊಡೆಯರಿಗೆ ಅದು ಆಸರೆಯಾದದ್ದು ನಿಜ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆಯಿಲ್ಲ. ಫಲಕಗಳ ಕೆಳಗೆ ಹಕ್ಕಲೂ ಇಲ್ಲ. ಅಂಥ ಕಡೆ ಯಾಜಕಕಾಂಡ ಓದುವವನು ಕೇಳಿಕೊಳ್ಳಬೇಕಾದ ಪ್ರಶ್ನೆ, ನನ್ನ ಆದಾಯದ ಅಂಚು ಈಗ ಎಲ್ಲಿದೆ, ಅದು ಯಾರಿಗೆ ಸೇರಬೇಕು ಎಂಬುದು. ಒಬ್ಬರಿಗೆ ಅದು ಹಳೆಯ ಕೂಲಿಯವರ ಮಗಳ ಕಾಲೇಜು ಫೀಸಾಗಬಹುದು. ಇನ್ನೊಬ್ಬರಿಗೆ ಬಾಡಿಗೆ ಹಣದಲ್ಲಿ ಇಟ್ಟ ಅಂಗಡಿಯಲ್ಲಿ ಒಬ್ಬರಿಗೆ ಕೊಡುವ ಕೆಲಸವಾಗಬಹುದು. ಲೆಕ್ಕ ಅವರವರದು.

ಅದೇ ಹತ್ತೊಂಬತ್ತನೇ ಅಧ್ಯಾಯವನ್ನು ಮುಂದಕ್ಕೆ ಓದಿದರೆ ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬೇಡ ಎಂಬ ಮಾತು 13ನೇ ವಚನದಲ್ಲಿ ಬರುತ್ತದೆ. ತಕ್ಕಡಿ, ತೂಕದ ಕಲ್ಲು ಸರಿಯಿರಲಿ ಎಂಬುದು ಕೊನೆಯ ಭಾಗದಲ್ಲಿದೆ. ಹುಣಸೆಹಣ್ಣು, ಕಡಲೆಕಾಯಿ ತೂಗುವ ಊರಿನವರಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಪರದೇಶಿಯನ್ನು ಸ್ವಂತ ಊರಿನವನಂತೆ ನೋಡು ಎಂಬ ಮಾತೂ ಇದೆ. ಅದನ್ನು ಓದುವಾಗ ವಸಂತನರಸಾಪುರದ ಕಾರ್ಖಾನೆಗಳಿಗೆ ದೂರದಿಂದ ಬಂದು ಒಂದೇ ಕೋಣೆಯಲ್ಲಿ ಹಲವರು ಮಲಗುವ ಹುಡುಗರು ನೆನಪಾಗಲಿ.

ಒಂದು ಎಚ್ಚರ ಹೇಳಬೇಕು. ನಮ್ಮಲ್ಲಿ ಕ್ಯಾಲೆಂಡರಿನ ವಚನ, ವಾಟ್ಸ್ಯಾಪ್ ಸ್ಟೇಟಸ್ಸಿನ ವಚನದಲ್ಲೇ ಓದು ಮುಗಿಸುವವರು ಬಹಳ. ಮೂಲ ಬರಹಗಳಿಗೆ ಈ ಅಧ್ಯಾಯ, ವಚನಗಳ ಅಂಕಿಗಳಿರಲಿಲ್ಲ. ನಾವು ಬಳಸುವ ಅಧ್ಯಾಯ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಹಾಕಿದ್ದು ಫ್ರೆಂಚ್ ಮುದ್ರಕ ರಾಬರ್ ಎಸ್ತಿಯೆನ್, 1551ರಲ್ಲಿ. ಜಾಗ ಹುಡುಕಲು ಮಾಡಿದ ಅನುಕೂಲ ಅದು, ಹೋಳು ಮಾಡಿ ಓದಲು ಅಲ್ಲ. ಯೆರೆಮೀಯನ 29ನೇ ಅಧ್ಯಾಯದ 11ನೇ ವಚನವನ್ನೇ ನೋಡಿ. ಒಳ್ಳೆಯ ಭವಿಷ್ಯದ ಭರವಸೆ ಕೊಡುವ ಸಾಲೆಂದು ಪರೀಕ್ಷೆಗೆ ಕೂರುವ ಮಕ್ಕಳಿಗೂ ಕೆಲಸ ಹುಡುಕುವವರಿಗೂ ಅದನ್ನೇ ಕಳಿಸುತ್ತೇವೆ. ಅದರ ಹಿಂದಿನ ವಚನ ಓದಿದರೆ ಆ ಭರವಸೆಗೆ 70 ವರ್ಷ ಕಾಯಬೇಕು ಎಂದಿದೆ. ಅದು ಬಾಬೆಲಿಗೆ ಸೆರೆಹೋದ ಜನಕ್ಕೆ ಪ್ರವಾದಿ ಬರೆದ ಕಾಗದ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಪಟ್ಟಣದ ಕ್ಷೇಮ ಬಯಸಿ ಎನ್ನುವುದು ಅದರ ಮುಖ್ಯ ಮಾತು. ಹೊಲ ಬೀಳುಬಿಟ್ಟು ಬೆಂಗಳೂರಿನ ಪೀಣ್ಯಕ್ಕೆ ಹೋಗಿ, 'ಎಂದಾದರೂ ಊರಿಗೆ ವಾಪಸು' ಎಂದು ಹತ್ತು ವರ್ಷದಿಂದ ಬಾಡಿಗೆ ಮನೆಯಲ್ಲಿ ಗಂಟುಮೂಟೆ ಬಿಚ್ಚದೆ ಇರುವವರಿಗೆ, ಒಂಟಿ ವಚನಕ್ಕಿಂತ ಆ ಇಡೀ ಕಾಗದ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಯಾವ ಪ್ರತಿ ಕೊಳ್ಳಬೇಕು? ಕನ್ನಡದಲ್ಲಿ ಈ ಕೆಲಸಕ್ಕೆ ಇನ್ನೂರು ವರ್ಷದ ಇತಿಹಾಸವಿದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನುವಾದಕ್ಕೆ ಕೈಹಾಕಿದರು, ವಿಲಿಯಂ ರೀವ್ ಜೊತೆಗೂಡಿದರು. 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅದೇ ದಶಕದಲ್ಲಿ ವೆಸ್ಲಿಯನ್ ಮಿಷನ್ನಿನವರು ಗುಬ್ಬಿಯಲ್ಲಿ ನೆಲೆಯೂರಿ ನಮ್ಮ ತುಮಕೂರು ಜಿಲ್ಲೆಗೆ ಆ ಓದನ್ನು ತಂದರು. ಅಲ್ಲಿಂದೀಚೆಗೆ ಹಲವು ಸಲ ತಿದ್ದುಪಡಿಯಾಗಿದೆ. ಆರಾಧನೆಯಲ್ಲಿ ಕೇಳಿ ಕಿವಿಗೆ ರೂಢಿಯಾದ 'ಸತ್ಯವೇದವು' ಒಂದಿರಲಿ, ಜೊತೆಗೆ ಆಡುಮಾತಿಗೆ ಹತ್ತಿರವಾದ ಹೊಸ ಅನುವಾದವೊಂದಿರಲಿ. ಅರ್ಥ ತೊಡಕಾದ ಕಡೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗಿನ ಪ್ರತಿಯೂ ಇರುತ್ತದೆ, ಅದನ್ನೂ ತೆಗೆಯಿರಿ. ಓದು ಬಾರದ ಹಿರಿಯರಿಗೆ ಮೊಬೈಲಿನಲ್ಲಿ ಪುಕ್ಕಟೆಯಾಗಿ ಕೇಳಿಸುವ ಧ್ವನಿಪಾಠಗಳಿವೆ.

ಅರ್ಥವಾಗದ ಕಡೆ, ಅಥವಾ ಯುದ್ಧ, ಕೊಲೆಗಳ ಭಾಗ ಓದಿ ಮನಸ್ಸು ಕೆಡುವ ಕಡೆ, ಅಂಚಿನಲ್ಲೊಂದು ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ವಾರಕ್ಕೊಮ್ಮೆ ಆ ಪ್ರಶ್ನೆಗಳನ್ನು ಅಯ್ಯನವರ ಮುಂದೆಯೋ, ಜೊತೆಗೆ ಓದುವವರ ಮುಂದೆಯೋ ಇಡಿ. ಒಬ್ಬರೇ ಓದುವಾಗ ಎಲ್ಲ ವಚನವೂ ನಮ್ಮ ಪರವಾಗಿಯೇ ಮಾತಾಡಿದಂತೆ ಕಾಣುವುದುಂಟು. ಎದುರಿಗೆ ಅತ್ತೆಯೋ ಸೊಸೆಯೋ ಕೂತಿದ್ದರೆ ರೂತಳ ಪುಸ್ತಕ ಹಾಗೆ ಒಂದೇ ಕಡೆ ವಾಲಲು ಬಿಡುವುದಿಲ್ಲ. ರೂತ್ ಮುಗಿದ ಮೇಲೆ 16 ಅಧ್ಯಾಯಗಳ ಮಾರ್ಕನ ಸುವಾರ್ತೆ ಹಿಡಿಯಿರಿ, ನಂತರ ಯಾಕೋಬನ ಪತ್ರಿಕೆ. ಅದರ ಐದನೇ ಅಧ್ಯಾಯದಲ್ಲಿ ತಡೆಹಿಡಿದ ಕೂಲಿಯ ಮಾತು ಮತ್ತೆ ಬರುತ್ತದೆ. ಅಷ್ಟು ಹೊತ್ತಿಗೆ ಅದರ ಬೇರು ಎಲ್ಲಿದೆಯೆಂದು ನಿಮಗೇ ಗೊತ್ತಿರುತ್ತದೆ. ಪ್ರಕಟನೆಯ ಪುಸ್ತಕಕ್ಕೆ ಆತುರ ಬೇಡ.